ನಜ್ಮಾದ ಗಲ್ಲಿಯಲ್ಲಿ ಸಿಕ್ಕಿಬಿದ್ದ ಪಿಕಪ್

ದೋಹಾದ ನಜ್ಮಾ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರು ಸೋಫಾ ರಿಪೇರಿ ಅಂಗಡಿ ಇಟ್ಟಿದ್ದರು. ಉಡುಪಿ ಕಡೆಯವರು. ಏನು ಕೊಳ್ಳುವಾಗಲೂ ಕೈ ಅಗಲಿಸಿ, "ದೊಡ್ಡದು ದೊಡ್ಡದೇ ಮಾರಾಯ್ರೆ" ಎನ್ನುತ್ತಿದ್ದರು. ಗಂಡ ಹೆಂಡತಿ ಇಬ್ಬರೇ ಇದ್ದ ಮನೆಗೆ ಹೋಟೆಲಿನ ಕುಕ್ಕರ್ ತಂದವರು.

ಅಂಗಡಿಗೆ ಪಿಕಪ್ ಬೇಕಾದಾಗ ಹೆಂಡತಿ, "ನಡು ಸೈಜಿನದ್ದು ಸಾಕು, ನಮ್ಮ ಗಲ್ಲಿಯಲ್ಲಿ ಹಿಡಿಸ್ಬೇಕಲ್ಲ" ಎಂದರು. ಇವರು ಕೇಳಲಿಲ್ಲ. ಶೋರೂಮಿನ ಮಲಯಾಳಿ ಸೇಲ್ಸ್‌ಮನ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಲ್ಲಿದ್ದ ಅತಿ ದೊಡ್ಡ ಅಮೆರಿಕನ್ ಪಿಕಪ್ಪನ್ನು ಟೆಸ್ಟ್ ಡ್ರೈವಿಗೆಂದು ನೇರ ಗಲ್ಲಿಗೇ ನುಗ್ಗಿಸಿದರು. ಎರಡು ಗೋಡೆಗಳ ನಡುವೆ ಗಾಡಿ ಕಚ್ಚಿಕೊಂಡಿತು. ಬಾಗಿಲು ತೆರೆಯಲೂ ಜಾಗವಿರಲಿಲ್ಲ.

ನಾವೆಲ್ಲ ಸೇರಿದೆವು. ಹೆಂಡತಿ ಗಾಡಿಯ ಹಿಂಬದಿಗೆ ಹತ್ತಿ, ಹಿಂದಿನ ಕಿಟಕಿಯಿಂದ ಒಳಗಿದ್ದ ಇಬ್ಬರಿಗೂ ಚಹಾ ದಾಟಿಸಿ, ಮೆಲ್ಲಗೆ ಕೇಳಿದರು: "ಈಗ ಯಾವುದು ತೆಗೊಳ್ಳುವುದು?"

ಇವರು ಸ್ಟೀರಿಂಗ್ ಬಿಡದೆ, "ನಡು ಸೈಜಿನದ್ದು" ಎಂದರು.

ಸೇಲ್ಸ್‌ಮನ್ ಕೂತಲ್ಲಿಂದಲೇ ಫೋನ್ ಮಾಡಿ ಅಂಥದ್ದೇ ಒಂದು ಬಿಳಿ ಪಿಕಪ್ ತರಿಸಿದ. ಅದಕ್ಕೆ ಹಗ್ಗ ಕಟ್ಟಿದೆವು. ಅದು ಏದುತ್ತಾ ದೊಡ್ಡದನ್ನು ಇಂಚಿಂಚಾಗಿ ಹಿಂದಕ್ಕೆಳೆಯಿತು.

ಕೊನೆಗೂ ಇಳಿದು ಬಂದವರು ಬಿಳಿ ಪಿಕಪ್ಪಿನ ಬಾನೆಟ್ ಸವರಿ, ನಮ್ಮ ಕಡೆ ತಿರುಗಿ ಹೇಳಿದರು: "ಎಂಥ ಶಕ್ತಿ ನೋಡಿ! ನಾನು ಇಷ್ಟು ಹೊತ್ತು ಟೆಸ್ಟ್ ಮಾಡಿದ್ದು ಇದನ್ನೇ."