ಬಂದವರಿಗೆ ಹಾಸಿದ ಕಂಬಳಿ

ನೂಲಜ್ಜಿ ಚಳಿಗೆ ಸತ್ತಳು ಎಂದು ಊರವರು ಹೇಳಿದರು. ಸುಳ್ಳು. ಕೈಗೆ ಎಟುಕುವಷ್ಟು ದೂರದಲ್ಲಿ ಕಂಬಳಿ ಇತ್ತು. ಹಸಿವಿಗೆ ಸತ್ತಳು ಎಂದು ಕೆಲವರು ಪಿಸುಗುಟ್ಟಿದರು. ಅದೂ ಸುಳ್ಳು. ಗಡಿಗೆಯಲ್ಲಿ ರಾಗಿಹಿಟ್ಟು ಇತ್ತು, ನಾನೇ ಕೊಟ್ಟದ್ದು. ಬಂದವರಿಗೆ ಕೊಡಲು ತನ್ನದು ಅಂತ ಏನೂ ಇಲ್ಲದೆ ಸತ್ತಳು. ನಡೆದದ್ದು ಅಷ್ಟೇ.

ಅವಳ ಎಡಗೈ ತೋರುಬೆರಳಿನ ಒಳಮಗ್ಗುಲಲ್ಲಿ ಒಂದು ಗೀರು ಇತ್ತು. ಚಾಕು ತಾಗಿ ಆದದ್ದಲ್ಲ. ಬಾವಿಕಟ್ಟೆಯ ಕಲ್ಲಿನ ಮೇಲೆ ಹಗ್ಗ ಹಾದಿ ಮಾಡುತ್ತದಲ್ಲ, ಹಾಗೆ ಉಣ್ಣೆಯ ಎಳೆ ಹರಿದೂ ಹರಿದೂ ಆದ ಗೀರು. ಬಲಗೈಯಲ್ಲಿ ರಾಟೆ ತಿರುಗಿಸುತ್ತ ಎಡಗೈಯಲ್ಲಿ ಎಳೆ ಎಳೆಯುತ್ತಿದ್ದಳು. ಕೈ ಎಷ್ಟು ತೊಳೆದರೂ ಕುರಿಯ ವಾಸನೆ ಹೋಗುತ್ತಿರಲಿಲ್ಲ. ಅದಕ್ಕೇ ಊರೆಲ್ಲ ಅವಳನ್ನು ನೂಲಜ್ಜಿ ಎನ್ನುತ್ತಿತ್ತು. ಹೆತ್ತವರು ಇಟ್ಟ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಬೇಕು ಅನ್ನಿಸಲಿಲ್ಲ, ಕೇಳಲಿಲ್ಲ.

ನಾನು ಶ್ರೀರಾಂಪುರದ ಕಡೆಯವಳು. ಹಿರಿಯೂರಿನಿಂದ ಹೊಸದುರ್ಗಕ್ಕೆ ಹೋಗುವ ದಾರಿಯಲ್ಲಿ ಬಸ್ಸು ಇಳಿದು ಒಳಗೆ ನಡೆಯಬೇಕಾದ ಈ ಊರಿಗೆ ಸೊಸೆಯಾಗಿ ಬಂದೆ. ಅವಳು ನಮ್ಮ ಎದುರುಮನೆ. ಒಂದೇ ಕೋಣೆ, ಮುಂದೆ ಒಂದು ಜಗಲಿ. ಕುರಿ ಕಾಯುತ್ತಿದ್ದ ಗಂಡ ನಾನು ಬರುವ ಮೊದಲೇ ತೀರಿಕೊಂಡಿದ್ದ. ಅವನ ಹಿಂದೆ ಕುರಿಗಳೂ ರೋಗ ಬಂದು ಹೋದವು. ಮಕ್ಕಳು ಹುಟ್ಟಿದ್ದವಂತೆ, ನಿಲ್ಲಲಿಲ್ಲವಂತೆ. ಇದನ್ನೆಲ್ಲ ನನಗೆ ಹೇಳಿದವಳು ನಮ್ಮತ್ತೆ. ಅಜ್ಜಿ ಬಾಯಿಬಿಟ್ಟು ಒಂದು ದಿನವೂ ಹೇಳಿಕೊಂಡವಳಲ್ಲ.

ಅವಳ ಬಾಗಿಲು ಬೆಳಕು ಹರಿದಾಗ ತೆರೆದರೆ ದೀಪ ಹಚ್ಚುವವರೆಗೂ ತೆರೆದೇ ಇರುತ್ತಿತ್ತು. ದಾರಿಯಲ್ಲಿ ಯಾರೇ ಹೋಗಲಿ, ರಾಟೆ ನಿಲ್ಲಿಸದೆ, ತಲೆ ಎತ್ತದೆ, ಕಾಲಿನ ಸಪ್ಪಳದ ಮೇಲೇ ಗುರುತು ಹಿಡಿದು ಕೂಗುತ್ತಿದ್ದಳು.

"ಬರ್ರಿ, ಕುಂತ್ಕಳ್ರಿ, ಎಲೆ ಹಾಕ್ಕಂಡು ಹೋಗ್ರಿ."

ಸುಮ್ಮನೆ ಬಾಯಿಮಾತಿಗೆ ಅನ್ನುತ್ತಿರಲಿಲ್ಲ. ಹೋಗಿ ಕೂತರೆ ಕಂಬಳಿ ಹಾಸುತ್ತಿದ್ದಳು, ಎಲೆ ಅಡಿಕೆ ಕೊಡುತ್ತಿದ್ದಳು. ಕೂತವರು ಕಂಬಳಿಯ ಮೇಲೆ, ತಾನು ನೆಲದ ಮೇಲೆ. ನಮ್ಮ ಕಡೆ ಕಂಬಳಿ ಹಾಸುವುದೆಂದರೆ ಬೆಚ್ಚಗೆ ಕೂರಲಿ ಅಂತ ಮಾತ್ರ ಅಲ್ಲ. ದೇವರನ್ನು ಕೂರಿಸುವುದೂ ಕಂಬಳಿಯ ಮೇಲೆ, ಬೀಗರನ್ನು ಕೂರಿಸುವುದೂ ಕಂಬಳಿಯ ಮೇಲೆ.

ನನ್ನ ಮೊದಲ ಬಾಣಂತನ ಮಾಗಿಯ ಚಳಿಯಲ್ಲಿ ಬಂತು. ಕೂಸು ಮೈ ಬಿಸಿ ಹಿಡಿಯದೆ ನೀಲಿಯಾಗುತ್ತಿತ್ತು. ಅಜ್ಜಿ ಬಂದು ನೋಡಿದಳು, ಎದ್ದು ಹೋದಳು, ತನ್ನ ಕಂಬಳಿ ತಂದು ಕೂಸಿಗೆ ಸುತ್ತಿದಳು. ಅವಳೇ ನೂತು, ನೇಯಿಸಿದ ಕರಿ ಕಂಬಳಿ. ಕೂಸು ಉಳಿಯಿತು. ವಾಪಸು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

"ಕೂಸಿಗೆ ಹೊದ್ಸಿದ್ದು ತಿರುಗಿ ಇಸ್ಕಂತಾರೇನಮ್ಮಿ? ನನ್ನ ಕೈ ಅವೆ. ಇನ್ನೊಂದು ನೂಲ್ತೀನಿ."

ಆ ಇನ್ನೊಂದು ಕಂಬಳಿ ಆಗಲೇ ಇಲ್ಲ. ಕಣ್ಣಿಗೆ ಪೊರೆ ಬಂತು. ನೇಯುವವನು ಒಂದು ದಿನ ನೂಲಿನ ಉಂಡೆ ಹಿಂದಕ್ಕೆ ತಂದು ಜಗಲಿಯ ಮೇಲಿಟ್ಟ. "ಅಜ್ಜಿ, ಒಂದ್ಕಡೆ ಹಗ್ಗ ಆಗೈತೆ, ಒಂದ್ಕಡೆ ಕೂದ್ಲು ಆಗೈತೆ. ಇದನ್ನ ಹೆಂಗೆ ನೇಯ್ಲಿ?" ಅಂದ. ಅವನಿಗೆ ಎಲೆ ಅಡಿಕೆ ಕೊಟ್ಟು ಕಳಿಸಿ, ರಾಟೆ ಎತ್ತಿ ಅಟ್ಟಕ್ಕೆ ಹಾಕಿದಳು. ಅವತ್ತು ಸಂಜೆ ನಮ್ಮ ಓಣಿ ಎಷ್ಟು ಸುಮ್ಮನಾಯಿತು ಅಂದರೆ, ದನ ಕಟ್ಟುತ್ತಿದ್ದ ನನ್ನ ಗಂಡ ಹೊರಗೆ ಬಂದು "ಏನಾತು?" ಅಂತ ಕೇಳಿದರು.

ಸ್ಕೂಲು ಮೇಷ್ಟ್ರು ಓಡಾಡಿ ಅವಳಿಗೆ ಸರ್ಕಾರದ ವೃದ್ಧಾಪ್ಯ ವೇತನ ಮಾಡಿಸಿಕೊಟ್ಟರು. ನಾವು ಪಿಂಚಣಿ ಅನ್ನುತ್ತಿದ್ದೆವು. ಊರಿನಲ್ಲಿ ಅದು ಬರುತ್ತಿದ್ದದ್ದು ಇಬ್ಬರಿಗೆ, ಇವಳಿಗೆ ಮತ್ತು ಕೆಳಗಿನ ಓಣಿಯ ಕುರುಡಜ್ಜನಿಗೆ. ತಿಂಗಳಿಗೊಮ್ಮೆ ಪೋಸ್ಟಿನವನು ಸೈಕಲ್ಲು ನಿಲ್ಲಿಸಿ ಮನಿಯಾರ್ಡರ್ ಕೊಡುತ್ತಿದ್ದ. ಅವನನ್ನೂ ಕೂರಿಸಿ ಎಲೆ ಕೊಡುತ್ತಿದ್ದಳು. ಬಂದದ್ದರಲ್ಲಿ ರಾಗಿ, ಉಪ್ಪು, ಮೆಣಸಿನಕಾಯಿ. ಎಲ್ಲಕ್ಕಿಂತ ಮೊದಲು ಎಲೆ ಅಡಿಕೆ. ಇದು ಓಣಿಯ ಕೆಲವರ ಕಣ್ಣು ಕುಕ್ಕಿತು. ಬಾವಿಯ ಹತ್ತಿರ ಸರ್ಕಾರದ ಸುದ್ದಿ ಸಾರುವ ಊರ ತಳವಾರ ಒಂದು ದಿನ ಚುಚ್ಚಿಯೇ ಬಿಟ್ಟ.

"ಏನಜ್ಜಿ, ಸರ್ಕಾರ ದುಡ್ಡು ಕಳ್ಸೋದು ನಿನ್ನ ಜೀವ ಹಿಡ್ಕಣಾಕೆ. ನೀನು ಊರ ಬಾಯೆಲ್ಲ ಕೆಂಪು ಮಾಡ್ತಾ ಕುಂತೀಯ."

"ನಿನ್ನ ಬಾಯಿ ಕೆಂಪಾಗೈತಲ್ಲ, ಅದು ಯಾರ ಎಲೆದು?"

ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ.

"ಜೀವ ನಾಯಿನೂ ಹಿಡ್ಕಂಡಿರ್ತತೆ ಕಣಪ್ಪ. ಬಾಗ್ಲಿಗೆ ಬಂದೋರಿಗೆ ಕುಂತ್ಕಳ್ರಿ ಅನ್ನಾಕೆ ಏನಾದ್ರೂ ಇದ್ರೆ ಅದು ಮನೆ. ಇಲ್ದಿದ್ರೆ ಗೂಡು. ಗೂಡಿನಾಗೆ ಇರು ಅಂದ್ರೆ ನಾನು ಇರಾಕಿಲ್ಲ."

ಇರಾಕಿಲ್ಲ ಅಂದದ್ದನ್ನು ನಾವು ಮಾತಿಗೆ ಅಂದದ್ದು ಅಂದುಕೊಂಡೆವು.

ಆ ಬೇಸಿಗೆಯಲ್ಲಿ ತಳವಾರನೇ ಸುದ್ದಿ ತಂದ. ಹಿರಿಯೂರಿನಿಂದ ಕಂದಾಯ ಇಲಾಖೆಯ ಶೇಕ್ದಾರರು ಬರುತ್ತಾರೆ, ಪಿಂಚಣಿ ತಗೊಳ್ಳುವವರು ನಿಜವಾಗಿ ಗತಿ ಇಲ್ಲದವರೋ ಅಲ್ಲವೋ ಮನೆ ಹೊಕ್ಕು ನೋಡುತ್ತಾರೆ. ಕುರುಡಜ್ಜ ಮಾರಿಕಣಿವೆಗೆ ಹರಕೆ ತೀರಿಸಲು ಹೋಗಿದ್ದ, ಅವನದು ಆಮೇಲೆ. ನೂಲಜ್ಜಿಯದು ನಾಳೆ.

ನಮ್ಮತ್ತೆ ಕೇಳಿದ್ದು ಕೊನೆಯ ಮಾತು ಒಂದೇ. ನಾಳೆ ದೊಡ್ಡವರು ಬರುತ್ತಾರೆ.

"ಲೇ ಇವಳೇ, ಆ ಮನೆಯಾಗೆ ಒಂದು ನೆಟ್ಟಗಿರೋ ಲೋಟ ಇಲ್ಲ. ಹಿರಿಯೂರಿಂದ ಬಂದೋರು ಏನಂದ್ಕಂಡಾರು? ಈ ಓಣೇರು ಮನುಷ್ಯರೋ ಅಲ್ವೋ ಅಂದ್ಕಳಲ್ವಾ?"

ಬೆಳಗಾಗುತ್ತಲೇ ನಾನು ಸಗಣಿ ತಂದು ಅಜ್ಜಿಯ ಮನೆ ಸಾರಿಸಿದೆ. ಅತ್ತೆ ನಮ್ಮ ಹಿತ್ತಾಳೆ ಕೊಡಪಾನ ಹುಣಸೆಹಣ್ಣು ಹಾಕಿ ಉಜ್ಜಿ ತಂದಿಟ್ಟಳು. ಪಕ್ಕದ ಮನೆಯಿಂದ ಹಿತ್ತಾಳೆ ಲೋಟ ಬಂದವು, ಇನ್ನೊಂದು ಮನೆಯಿಂದ ತಟ್ಟೆ, ಬೆಲ್ಲ, ಕಾಫಿಪುಡಿ. ಹಾಲು ನಮ್ಮ ಎಮ್ಮೆಯದು. ಕೊನೆಗೆ ನಾನು ಕರಿ ಕಂಬಳಿ ತಂದು ಗೋಡೆಯ ಪಕ್ಕ ಹಾಸಿದೆ. ಅಜ್ಜಿ ಅದರ ಅಂಚು ಮುಟ್ಟಿ ನೋಡಿ ಗುರುತು ಹಿಡಿದಳು. ಮುಖ ಅರಳಿತು.

ತಳವಾರ ಬಾಗಿಲಲ್ಲಿ ನಿಂತು ನೋಡಿ, "ಏನ್ರವ್ವಾ, ಹೆಣ್ಣು ನೋಡಾಕೆ ಬರ್ತಾರಾ? ಅಜ್ಜಿಗೆ ಒಂದಿಷ್ಟು ಹೂವನೂ ಮುಡಿಸ್ಬಿಡ್ರಿ" ಅಂದ.

ನಗುತ್ತ ನಗುತ್ತಲೇ ಕೆಲಸ ಮಾಡಿದೆವು. ಯಾರಿಗೂ, ಒಬ್ಬರಿಗೂ, ಬರುವವರು ಏನು ನೋಡಲು ಬರುತ್ತಾರೆ ಅನ್ನುವುದು ತಲೆಗೆ ಹೋಗಲಿಲ್ಲ. ಖಾಲಿ ಮನೆಗೆ ನೆಂಟರನ್ನು ಕರೆಯುವುದು ನಮಗೆ ಗೊತ್ತಿರಲಿಲ್ಲ.

ಶೇಕ್ದಾರರು ಕೆಟ್ಟವರಲ್ಲ. ಸಣಕಲು ಮನುಷ್ಯ, ಬಿಸಿಲಲ್ಲಿ ನಡೆದು ಬಂದು ಕಾಲೆಲ್ಲ ಧೂಳಾಗಿತ್ತು. ಅಜ್ಜಿ ಕಾಲಿಗೆ ನೀರು ಕೊಟ್ಟಳು. ಕಂಬಳಿಯ ಮೇಲೆ ಕೂರಿಸಿದಳು. ಕಾಫಿ ಕೊಟ್ಟಳು. ಅವರು ಕುಡಿಯುತ್ತ ಸುತ್ತ ನೋಡಿದರು.

"ಅಜ್ಜಿ, ಕಂಬಳಿ ಚೆನ್ನಾಗೈತೆ. ನಿಮ್ದೇನಾ?"

"ನಾನೇ ನೂತಿದ್ದು ಕಣಪ್ಪ."

"ಕೊಡಪಾನ?"

ಅಜ್ಜಿ ಎಲೆ ಅಡಿಕೆಯ ತಟ್ಟೆ ಅವರ ಮುಂದಕ್ಕೆ ಸರಿಸಿದಳು. ಮನೆಗೆ ಬಂದು ಕೂತವರಿಗೆ, ನಿನಗೆ ನೀರು ಕೊಟ್ಟದ್ದು ಇನ್ನೊಬ್ಬರ ಪಾತ್ರೆಯಲ್ಲಿ ಅಂತ ಹೇಳುವುದು ಹೇಗೆ? ಬಾಗಿಲಲ್ಲಿ ನಿಂತಿದ್ದ ನಮ್ಮತ್ತೆಯೂ ಅದು ತನ್ನದು ಅನ್ನಲಿಲ್ಲ. ಕೊಟ್ಟದ್ದನ್ನು ನಾಲ್ಕು ಜನರ ಮುಂದೆ ನಮ್ಮದು ಅಂದರೆ ಕೊಟ್ಟದ್ದಕ್ಕೆ ಅರ್ಥವೇನು?

"ಹಾಲು ಎಲ್ಲಿಂದ ಬರ್ತತೆ?"

"ಊರು ಐತಲ್ಲಪ್ಪ."

ಅವರು ಎಲೆ ಅಡಿಕೆ ಹಾಕಿಕೊಂಡು ಎದ್ದರು. ಕೈ ಮುಗಿದರು. "ನೋಡಿ ಸಂತೋಷ ಆತು ಅಜ್ಜಿ. ಎಷ್ಟೋ ಮನೆ ನೋಡ್ದೆ, ನೀವು ಚೆನ್ನಾಗಿದ್ದೀರಿ. ಹಿಂಗೇ ಇರ್ರಿ" ಅಂದರು. ಅವಳು ಅವರ ತಲೆಯ ಕಡೆಗೆ ಕೈ ಎತ್ತಿ ಹರಸಿದಳು. ಅವರು ಹೋದ ಮೇಲೆ ಓಣಿಯೆಲ್ಲ ಗೆದ್ದವರ ಹಾಗೆ ಇತ್ತು. ಸಂಜೆಯೊಳಗೆ ಕೊಡಪಾನ, ಲೋಟ, ತಟ್ಟೆ ಅವರವರ ಮನೆ ಸೇರಿದವು. ಕಂಬಳಿಯನ್ನು ಅವಳೇ ಮಡಿಸಿ ತಂದು ನನ್ನ ಕೈಗಿಟ್ಟಳು.

ಪಿಂಚಣಿ ನಿಂತಿತು.

ಮೊದಲ ತಿಂಗಳು ಪೋಸ್ಟಿನವನು ಮರೆತ ಅಂದುಕೊಂಡಳು. ಆಮೇಲೆ ಅವನು ಅವಳ ಜಗಲಿ ತಪ್ಪಿಸಿ ಹಿಂದಿನ ಓಣಿಯಿಂದ ಹೋಗತೊಡಗಿದ. ಹೇಳಿದವನು ತಳವಾರ. ಈ ಸಲ ಚುಚ್ಚಲಿಲ್ಲ, ತಲೆ ಕೆಳಗೆ ಹಾಕಿ ಹೇಳಿದ. "ಅಜ್ಜಿಗೆ ಪಿಂಚಣಿ ಬೇಕಾಗಿಲ್ಲ ಅಂತ ಶೇಕ್ದಾರರು ಬರ್ದುಬಿಟ್ಟಾರಂತೆ. ಹಿತ್ತಾಳೆ, ಹಾಲು, ಕಂಬಳಿ ಎಲ್ಲ ಐತೆ ಅಂತ."

ನಾನು ಹೋಗಿ ಅವಳ ಮುಂದೆ ಕೂತೆ. "ಅಜ್ಜಿ, ನಡಿ ಹಿರಿಯೂರಿಗೆ ಹೋಗಾಣ. ಎಲ್ಲ ಎರವಿಂದು ಅಂತ ನಾನೇ ಹೇಳ್ತೀನಿ."

"ನನ್ನ ಮನೆಗೆ ಬಂದು ಕುಂತು ಎದ್ದು ಹೋದೋನಮ್ಮಿ ಅವ್ನು. ಅವನ ಮುಂದೆ ನಿಂತು, ಅವತ್ತು ನಿನ್ನ ಕುಂದ್ರಿಸಿದ್ದು ಸುಳ್ಳು ಕಣಪ್ಪ ಅನ್ಲಾ?"

"ಮತ್ತೆ ಹೊಟ್ಟೆಗೆ?"

"ಹೊಟ್ಟೆಗೆ ನೀವಿದೀರಲ್ಲ."

ನಿಜ, ಇದ್ದೆವು. ಒಬ್ಬರು ಹಿಟ್ಟು, ಒಬ್ಬರು ಸಾರು, ಒಬ್ಬರು ಹಳೆಯ ಸೀರೆ. ಊರು ಅವಳನ್ನು ಉಪವಾಸ ಕೆಡವಲಿಲ್ಲ, ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಕೊಟ್ಟ ಹಿಟ್ಟಿನಲ್ಲಿ ಎಲೆ ಅಡಿಕೆ ಇರುವುದಿಲ್ಲ. ಒಂದು ದಿನ ಅವಳ ಬಾಗಿಲು ಅರ್ಧ ಮುಚ್ಚಿತ್ತು. ಇನ್ನೊಂದು ದಿನ ಪೂರ್ತಿ ಮುಚ್ಚಿತ್ತು, ಹಾಡುಹಗಲು. ದಾರಿಯಲ್ಲಿ ಹೋಗುವವರ ಸಪ್ಪಳ ಕೇಳಿದರೆ ಒಳಗೆ ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಸಾಲಗಾರ ಬಂದಾಗ ಬಚ್ಚಿಟ್ಟುಕೊಳ್ಳುತ್ತಾರಲ್ಲ, ಹಾಗೆ. ನಾನು ಸಾರು ತಂದು ಬಾಗಿಲು ಬಡಿದರೆ, ಸಂದಿಯಿಂದ ಕೈ ಮಾತ್ರ ಹೊರಗೆ ಬರುತ್ತಿತ್ತು, ಆ ಗೀರಿನ ಕೈ. ಕುಂತ್ಕೊ ಅನ್ನುತ್ತಿರಲಿಲ್ಲ.

ಈಗ ನನಗೂ ಪಿಂಚಣಿ ಬರುತ್ತದೆ. ಎಷ್ಟು ಕೊಟ್ಟರೆ ಸಾಕು, ಎಷ್ಟಾದರೆ ಜಾಸ್ತಿಯಾಯಿತು ಅಂತ ಮೊಮ್ಮಕ್ಕಳು ನನ್ನ ಮುಂದೆಯೇ ಕೂತು ವಾದ ಮಾಡುತ್ತಾರೆ. ನಾನು ಓದಿದ್ದು ಮೂರನೇ ಕ್ಲಾಸು. ನನಗೆ ತಿಳಿದದ್ದು ಇಷ್ಟು. ಹೊಟ್ಟೆಗೆ ಎಷ್ಟು ಬೇಕೋ ಅಷ್ಟು ಕೊಟ್ಟರೆ ಆ ಮನುಷ್ಯ ಬಾಗಿಲು ಮುಚ್ಚಿಕೊಳ್ಳುತ್ತಾನೆ. ಬಾಗಿಲು ತೆಗೆದಿಡಲು ಎಷ್ಟು ಬೇಕೋ ಅಷ್ಟು ಕೊಡಬೇಕು. ಕೇಳುವವರಿಗೆ ಇದು ಮುದುಕಿಯ ಮಾತು. ಆ ಕೈ ನೋಡಿದವಳು ನಾನು. ಇವತ್ತಿಗೂ ಮನೆಯ ಬಾಗಿಲು ಕಿರ್ರೆಂದರೆ ಸಂದಿಯಲ್ಲಿ ಅದೇ ಕಾಣುತ್ತದೆ.

ಮಾಗಿ ಬಂತು. ನಾನು ಕರಿ ಕಂಬಳಿ ತೆಗೆದುಕೊಂಡು ಹೋಗಿ, ಈ ಸಲ ಬಾಗಿಲು ತಳ್ಳಿಕೊಂಡೇ ಒಳಗೆ ಹೋದೆ.

"ಹೊದ್ಕ ಅಜ್ಜಿ. ನಿಂದೇ ಇದು."

ಮುಖಕ್ಕೆ ಹತ್ತಿರ ಹಿಡಿದು ವಾಸನೆ ನೋಡಿದಳು. "ಇರ್ಲಿ ಬಿಡಮ್ಮಿ. ಯಾರಾದ್ರೂ ಬಂದ್ರೆ ಬೇಕಾಗ್ತತೆ" ಅಂದಳು.

ಕೆಲವು ದಿನಗಳಾದ ಮೇಲೆ ಹೊತ್ತು ಏರಿದರೂ ಅವಳ ಮನೆಯಲ್ಲಿ ಸಪ್ಪಳ ಇರಲಿಲ್ಲ. ಬಾಗಿಲಿಗೆ ಅಗುಳಿ ಹಾಕಿರಲಿಲ್ಲ. ನೆಲ ಗುಡಿಸಿತ್ತು. ಗೋಡೆಯ ಪಕ್ಕ ಕಂಬಳಿ, ಒಂದು ಸುಕ್ಕಿಲ್ಲದ ಹಾಗೆ ಹಾಸಿತ್ತು. ಅದರ ಮುಂದೆ ಎಲೆ ಅಡಿಕೆಯ ತಟ್ಟೆ, ಖಾಲಿ. ಅವಳು ಅದರ ಈಚೆ ಬದಿಗೆ ಬರಿ ನೆಲದ ಮೇಲೆ, ಕಂಬಳಿಯ ಕಡೆಗೆ ಮುಖ ಮಾಡಿ ಮುದುರಿ ಮಲಗಿದ್ದಳು. ಯಾರೋ ಬಂದು ಕೂತಿದ್ದಾರೆ, ಅವರ ಮಾತು ಕೇಳುತ್ತ ಹಾಗೇ ನಿದ್ದೆ ಹೋಗಿದ್ದಾಳೆ ಅನ್ನುವ ಹಾಗೆ. ಕಂಬಳಿಯ ಮೇಲೆ ಯಾರೂ ಇರಲಿಲ್ಲ. ಆದರೂ ನಾನು ಅದನ್ನು ತುಳಿಯದೆ ಸುತ್ತಿ ಹೋಗಿ ಅವಳನ್ನು ಮುಟ್ಟಿದೆ.

ಕಂಬಳಿ ಮಡಿಸಿ ನಮ್ಮ ಮನೆಗೆ ತಂದಿಟ್ಟೆ. ಅವತ್ತೇ ಮಣ್ಣು ಮಾಡಿದೆವು. ಮಣ್ಣು ಮಾಡಿ ಬರುವಾಗ ತಳವಾರ ನಮ್ಮತ್ತೆಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಕುರುಡಜ್ಜನ ಮನೆ ನೋಡಲು ನಾಳೆ ಶೇಕ್ದಾರರು ಬರುತ್ತಾರೆ.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಕೊಡಪಾನ ಮೂಲೆಯಲ್ಲಿ ಇರಲಿಲ್ಲ. ಕರಿ ಕಂಬಳಿಯೂ ಇರಲಿಲ್ಲ. ನಾನು ಮುಖ ತೊಳೆಯದೆ ಕೆಳಗಿನ ಓಣಿಗೆ ಹೋದೆ. ಕುರುಡಜ್ಜನ ಮನೆ ಸಾರಿಸಿತ್ತು. ಕೊಡಪಾನ ಹೊಳೆಯುತ್ತಿತ್ತು. ಕಂಬಳಿ ಹಾಸಿತ್ತು. ಅತ್ತೆ ಒಲೆಯ ಮುಂದೆ ಕೂತು ಹಾಲು ಕಾಯಿಸುತ್ತಿದ್ದಳು. ನಾನು ಹಾಲಿನ ಪಾತ್ರೆ ಇಳಿಸಿದೆ. ಕೊಡಪಾನ ಸೊಂಟಕ್ಕೆ ಇಟ್ಟುಕೊಂಡೆ. ಕಂಬಳಿ ಎಳೆದು ಹೆಗಲಿಗೆ ಹಾಕಿಕೊಂಡೆ.

"ಥೂ, ನಿನಗೇನು ಬಂದೈತೆ?" ಅಂದಳು ಅತ್ತೆ. ಹಿಂದೆಯೇ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡಳು. ನೂಲಜ್ಜಿಗೆ ಆದದ್ದೇ ಈ ಅಜ್ಜನಿಗೂ ಆಗುತ್ತಿತ್ತು ಅಂತ ಅವಳಿಗೂ ಆಗ ಹೊಳೆದಿರಬೇಕು. ಹಾಲಿನ ಪಾತ್ರೆ ಎತ್ತಿಕೊಂಡು ಹೊರಟುಹೋದಳು.

ಅಷ್ಟರಲ್ಲಿ ಹೊರಗೆ ಚಪ್ಪಲಿಯ ಸದ್ದಾಯಿತು. ಕುರುಡಜ್ಜ ಗೋಡೆ ಬಿಟ್ಟು ನೆಟ್ಟಗೆ ಕೂತ.

"ಬರ್ರಿ ಸಾಮಿ, ಬರ್ರಿ. ಕುಂತ್ಕಳ್ರಿ."

ಶೇಕ್ದಾರರು ಬಾಗಿಲಲ್ಲಿ ನಿಂತಿದ್ದರು. ಎಲ್ಲಿ ಕೂರಬೇಕೆಂದು ತಿಳಿಯದೆ ನನ್ನ ಮುಖ ನೋಡಿದರು. ಅಜ್ಜನ ಕೈ ಸಾರಿಸಿದ ನೆಲದ ಮೇಲೆ ಅತ್ತ ಇತ್ತ ಹರಿದಾಡುತ್ತ ಕಂಬಳಿ ಹುಡುಕುತ್ತಿತ್ತು. ಅದು ನನ್ನ ಹೆಗಲ ಮೇಲಿತ್ತು. ನಾನು ಕೊಡಲಿಲ್ಲ.