ಅಪ್ಪನ ಎಡಗೈ

೧೯೩೮ರ ಶ್ರಾವಣದಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಎಡಭಾಗ ಬಿದ್ದಿದೆ, ಕೂಡಲೇ ಹೊರಡು ಎಂದು ಪುಣೆಯಲ್ಲಿ ಅವನ ಪಕ್ಕದ ಕೋಣೆಯಲ್ಲಿದ್ದ ಮುರುಗೆಪ್ಪಕಾಕಾ ತಂತಿ ಕಳಿಸಿದರು. ಅಪ್ಪ ಎದ್ದು ಕೂರುವ ತನಕ ಇದ್ದು ಬರುತ್ತೇನೆಂದು ಗಂಡನಿಗೆ ಹೇಳಿ, ಹತ್ತು ತಿಂಗಳ ಮಗಳು ಚನ್ನಿಯನ್ನು ಎತ್ತಿಕೊಂಡು ಸೊಲ್ಲಾಪುರದಲ್ಲಿ ಪುಣೆಯ ರೈಲು ಹತ್ತಿದೆ. ಕೂಸಿಗೆ ನೆಗಡಿ ಕೆಮ್ಮು; ದಾರಿಯುದ್ದಕ್ಕೂ ಅದರ ಎದೆಗೆ ಕಿವಿ ಹಚ್ಚಿ ಹಚ್ಚಿ ನೋಡಿದೆ. ಗೊರಗೊರ ಸದ್ದು ಹೆಚ್ಚಾಗಿತ್ತೋ, ರೈಲಿನದೇ ಸದ್ದೋ ತಿಳಿಯಲಿಲ್ಲ.

ಅಪ್ಪನ ಹೆಸರು ಹೊಳಬಸಪ್ಪ. ಗುಳೇದಗುಡ್ಡದ ಖಣಗಳ ಗಂಟು ಹೊತ್ತು ಮೂವತ್ತು ವರ್ಷ ಪುಣೆಯ ಪೇಠೆಗಳನ್ನು ತಿರುಗಿದವನು. ವಾಡೆಗಳ ಬಾಗಿಲಲ್ಲಿ ನಿಂತು "ಖಣ ಘ್ಯಾ, ಖಣ!" ಎಂದು ಕೂಗಿದರೆ ಒಳಗಿನ ಹೆಂಗಸರೆಲ್ಲ ಅಂಗಳಕ್ಕೆ ಬರುತ್ತಿದ್ದರು. ಕುಪ್ಪಸದ ಬಟ್ಟೆಯನ್ನು ಎಡಗೈ ಮೇಲೆ ಹರವಿ, ಬಿಸಿಲಿಗೆ ಒಡ್ಡಿ ತೋರಿಸುತ್ತಿದ್ದ. ಬಣ್ಣ ಬಿಡುವ ಬಟ್ಟೆಯಾದರೆ ಕೇಳುವ ಮೊದಲೇ ಹೇಳಿಬಿಡುವನು. ಆ ಖಣಗಳ ದುಡಿಮೆಯಲ್ಲೇ ನಾನು ಮರಾಠಿ ಏಳನೆಯ ಇಯತ್ತೆಯವರೆಗೆ ಓದಿದೆ.

ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಬಲಗೈಯಿಂದ ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸುವ ತನಕ ಅವನ ಬಾಯಿಗೆ ಗುಟುಕು ನೀರೂ ಇಳಿಯುತ್ತಿರಲಿಲ್ಲ. ಜ್ವರವಿರಲಿ, ಪ್ರಯಾಣವಿರಲಿ, ಅವ್ವ ಸತ್ತ ದಿನವಿರಲಿ, ಇದು ತಪ್ಪಿದ್ದಿಲ್ಲ.

ನಾನು ಬಂದ ಮೇಲೂ ಮೂರು ದಿನ ಅವನಿಗೆ ಎಚ್ಚರವಿರಲಿಲ್ಲ. ತುಟಿಯ ಸಂದಿಯಲ್ಲಿ ಹನಿ ಹನಿಯಾಗಿ ಹಾಲು ಬಿಟ್ಟೆ. ಬುಧವಾರ ಬೆಳಿಗ್ಗೆ ಕಣ್ಣು ತೆರೆದ. ನನಗೆ ಅಳುವೇ ಬಂತು. ಚಮಚ ಹಿಡಿದು ಹತ್ತಿರ ಹೋದರೆ ತೊದಲುತ್ತ ಕೇಳಿದ: "ನನ್ನ ಪೂಜಿ?"

ಅಂದಿನಿಂದ ಬಾಯಿ ಬಿಗಿದ. ಎಡಗೈ ಸತ್ತ ಹಾಗೆ ಬಿದ್ದಿತ್ತು. ಲಿಂಗ ಹಿಡಿಯಲು ಅಂಗೈಯಿಲ್ಲ, ಪೂಜೆಯಿಲ್ಲದೆ ನೀರಿಲ್ಲ.

ಗುರುವಾರ ಡಾಕ್ಟರು ನನ್ನನ್ನು ಅಂಗಳಕ್ಕೆ ಕರೆದರು. "ನಾಳೆಯೊಳಗೆ ಹೊಟ್ಟೆಗೆ ಏನಾದರೂ ಹೋಗಲೇಬೇಕು. ಹೋಗದಿದ್ದರೆ ಮತ್ತೆ ನನ್ನನ್ನು ಕರೆದು ಉಪಯೋಗವಿಲ್ಲ" ಎಂದು ಮರಾಠಿಯಲ್ಲಿ ಹೇಳಿ ಟಾಂಗಾ ಹತ್ತಿದರು.

ಮುರುಗೆಪ್ಪಕಾಕಾ ಪಕ್ಕದ ಖೋಲಿಯವರು, ಅಪ್ಪನ ಜೊತೆಗೇ ಊರು ಬಿಟ್ಟು ಬಂದವರು. ಓಡಿಹೋಗಿ ಅವರನ್ನು ಕೇಳಿದೆ.

"ಇದಕ್ಕ ಮಠದ ಅಯ್ಯನವರೇ ದಾರಿ ಹೇಳಬೇಕವಾ. ಹಳ್ಳಿಗೆ ಹೋಗ್ಯಾರ, ಶನಿವಾರ ಬರ್ತಾರ."

"ಇವತ್ತ ಗುರುವಾರ, ಕಾಕಾ!"

"ನಾ ಏನ್ ಮಾಡ್ಲಿ? ಪಂಚಾಂಗ ತಿದ್ದಲೇನು?"

ತಿರುಗಿ ಅಪ್ಪನ ಬಳಿ ಬಂದು ಕುಳಿತೆ. "ಅಪ್ಪಾ, ಲಿಂಗ ಕಟ್ಟಿಗಿ ಮಣಿ ಮ್ಯಾಲ ಇಟ್ಟು ಪೂಜಿ ಮಾಡಿದ್ರ?"

"ಮೈಯಿಂದ ಬಿಡಿಸಿ ಮಣಿ ಮ್ಯಾಲ ಇಡ್ಲೇನು? ಸಾಲಿಯೊಳಗ ಇದನ್ನ ಕಲಿಸಿದ್ರೇನು ನಿನಗ?"

"ಹಂಗಾರ ಬಲಗೈಯಾಗ ಹಿಡಿ."

"ಪೂಜಿ ಯಾವ ಕೈಲೆ ಮಾಡ್ಲಿ? ನೀ ಒಂದು ಕೈ ಕೊಡ್ತೀಯೇನು?"

ಕೊಡುತ್ತೇನೆ ಎನ್ನಬೇಕಿತ್ತು; ಎದ್ದು ಅವನ ಹೊದಿಕೆ ಸರಿಪಡಿಸಿದೆ. ನನ್ನ ಕೊರಳಲ್ಲೂ ಲಿಂಗವಿತ್ತು. ಚನ್ನಿ ಹುಟ್ಟಿದ ಮೇಲೆ ಅದನ್ನು ಕರಡಿಗೆಯಿಂದ ಹೊರಗೆ ತೆಗೆದದ್ದೇ ಅಪರೂಪ. ಕೂಸು ರಾತ್ರಿಯೆಲ್ಲ ಕಾಡಿದರೆ, ಎದ್ದ ಕೂಡಲೇ ಚಹಾ ಕುಡಿದು ಒಲೆ ಹಚ್ಚುವವಳು ನಾನು. ಇಂಥ ಕೈಯನ್ನು ಅಪ್ಪನಿಗೆ ಹೇಗೆ ಕೊಡಲಿ?

ಶುಕ್ರವಾರ ಬೆಳಿಗ್ಗೆ ಮೈ ಒರೆಸಿ, ಗೋಡೆಗೆ ಒರಗಿಸಿ ಕೂರಿಸಿದೆ. ನಲ್ಲಿಗೆ ಹೋಗಿ ಕೊಡ ತುಂಬಿಕೊಂಡು ಬರುವಷ್ಟರಲ್ಲಿ, ಬಲಗೈಯಿಂದಲೂ ಹಲ್ಲಿನಿಂದಲೂ ಕರಡಿಗೆ ಬಿಚ್ಚಿ, ತೊಡೆಯ ಮೇಲೆ ಬಿದ್ದಿದ್ದ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡಿದ್ದ. ನೀರೆರೆಯಲು ಬಲಗೈ ಎತ್ತಿದ. ಮೈ ವಾಲಿತು. ಅಂಗೈ ಓರೆಯಾಗಿ, ಲಿಂಗ ಕಿರುಬೆರಳಿನ ಕಡೆಗೆ ಜಾರತೊಡಗಿತು.

ಕೊಡ ಎಲ್ಲಿ ಬಿತ್ತೋ ಗೊತ್ತಿಲ್ಲ. ಅವನ ಕೈಯ ಕೆಳಗೆ ನನ್ನ ಕೈ ಚಾಚಿದೆ. ಲಿಂಗ ನನ್ನ ಅಂಗೈಗೆ ಬಿತ್ತು.

ಅಪ್ಪ ನನ್ನ ಮುಖವನ್ನೇ ನೋಡಿದ. "ನಿನ್ನ ಪೂಜಿ ಆಗೇದೇನು?"

ಹೂಂ ಎಂದರೆ ಈಗಲೇ ಗಂಜಿ ಕುಡಿಯುತ್ತಾನೆ. ಇಲ್ಲವೆಂದರೆ ಶನಿವಾರದ ತನಕ, ಆ ಅಯ್ಯನವರು ಬರುವ ತನಕ... ಹೂಂ ಎನ್ನು, ಹೂಂ ಎನ್ನು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಕೈಯಲ್ಲಿ ಅದನ್ನು ಹಿಡಿದುಕೊಂಡು ಅಪ್ಪನಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಇಲ್ಲಪ್ಪಾ. ಚಹಾ ಕುಡದೇನಿ."

"ಎಂದಿನಿಂದ ಇಲ್ಲ?"

"ಚನ್ನಿ ಹುಟ್ಟಿದಾಗಿನಿಂದ ನೆಟ್ಟಗ ಮಾಡೇ ಇಲ್ಲ."

ಅವನು ಕಣ್ಣು ಮುಚ್ಚಿದ. ಇಲ್ಲಿಗೆ ಮುಗಿಯಿತು, ಅಪ್ಪನನ್ನು ನಾನೇ ಕೊಂದೆ ಅಂದುಕೊಂಡೆ. ಆಮೇಲೆ ಬಲಗೈ ಚಾಚಿ, ನನ್ನ ಅಂಗೈಯಿಂದ ಲಿಂಗವನ್ನೆತ್ತಿ ಎದೆಗೆ ಒತ್ತಿಕೊಂಡ.

"ನಿನ್ನ ಲಿಂಗ ಹತ್ತು ತಿಂಗಳು ನಿನಗ ಕಾದದ, ಇನ್ನ ಅರ್ಧಾ ತಾಸು ಕಾಯ್ತದ. ನಾನೂ ಕಾಯ್ತೀನಿ. ಹೋಗು, ಜಳಕಾ ಮಾಡಿ, ನಿಂದ ಮೊದಲ ಮುಗಿಸಿ ಬಾ."

ಚನ್ನಿಯನ್ನು ಎದುರು ಖೋಲಿಯ ಗೌರಾಬಾಯಿಯ ಕೈಗೆ ಕೊಟ್ಟೆ. "ಜಾ ಗ, ಲವಕರ ಜಾ" ಎಂದು ಅವರು ಬೇಗ ಹೋಗೆಂದು ನನ್ನನ್ನು ಅಟ್ಟಿದರು. ತಣ್ಣೀರು ಸುರಿದುಕೊಳ್ಳುವಾಗ ಹೊರಗೆ ಕೂಸು ಕೆಮ್ಮುವುದು ಕೇಳಿಸುತ್ತಿತ್ತು. ಅಪ್ಪ ಒರಗಿದಲ್ಲಿಂದ ಉರುಳಿದರೆ? ವಿಭೂತಿ ಹಚ್ಚಿದೆ. ಪತ್ರಿ ಏರಿಸಿ, ಕಣ್ಣಿಗೊತ್ತಿಕೊಂಡು, ಒದ್ದೆ ಕೂದಲಿನಲ್ಲೇ ಓಡಿ ಬಂದೆ.

ಅಪ್ಪನ ತಲೆ ಎದೆಯ ಮೇಲೆ ಜೋತುಬಿದ್ದಿತ್ತು.

"ಅಪ್ಪಾ!"

ಒಂದು ಕಣ್ಣು ತೆರೆದ. "ಇಷ್ಟ ಲಗೂ ಆತೇನು? ಪೂಜಿ ಮಾಡಿದ್ಯೋ, ಬರೇ ನೀರು ತೋರಿಸಿ ಬಂದ್ಯೋ?"

"ಮಾಡೇನಪ್ಪಾ, ಖರೇನ ಮಾಡೇನಿ."

ಅವನ ಎಡಗೈಯ ಕೆಳಗೆ ನನ್ನ ಎಡಗೈ ಕೊಟ್ಟೆ. ಅಷ್ಟು ಭಾರವಾದ ಕೈಯನ್ನು ನಾನು ಹಿಡಿದದ್ದಿಲ್ಲ. ಅವನು ಲಿಂಗ ಇಟ್ಟು ಹನಿ ಹನಿಯಾಗಿ ನೀರೆರೆದ. ನೀರು ಅವನ ಬೆರಳುಗಳಿಂದ ನನ್ನ ಬೆರಳುಗಳಿಗೆ ಇಳಿಯಿತು. ಅಷ್ಟರಲ್ಲಿ ಮುರುಗೆಪ್ಪಕಾಕಾ ಬಾಗಿಲಿಗೆ ಬಂದು ನಿಂತರು.

"ಏನ್ ನಡಸೀರಿ ಇದು? ಅಯ್ಯನವರು ಬರೋತನಕ ತಡೀರಿ ಅಂದಿದ್ದೆ."

"ಅವರಿಗೆ ನಾ ಹೇಳ್ಕೋತೀನಿ," ಎಂದ ಅಪ್ಪ, ಲಿಂಗದಿಂದ ಕಣ್ಣು ಕೀಳದೆ. "ನೀ ಬಾಗಲಾ ಹಾಕು ಮುರುಗೆಪ್ಪ. ಹುಡುಗಿ ಕೈ ನಡಗಲಿಕ್ಕತ್ತದ."

ಕಾಕಾ ಗೊಣಗುತ್ತ ಬಾಗಿಲು ಎಳೆದುಕೊಂಡರು.

ಪೂಜೆ ಮುಗಿಯಿತು. ಕರಡಿಗೆ ಕಟ್ಟಲು ಕೈ ಹಚ್ಚಿದರೆ ಬೇಡವೆಂದು ತಲೆಯಾಡಿಸಿ, ಗಂಟನ್ನು ಹಲ್ಲಿನಿಂದ ತಾನೇ ಬಿಗಿದ. ಗಂಜಿಯ ಚಮಚವನ್ನು ಬಾಯಿಗೆ ಹಿಡಿದೆ. ಅರ್ಧ ಗದ್ದಕ್ಕೆ ಸುರಿಯಿತು, ಅರ್ಧ ಒಳಗೆ ಉಳಿಯಿತು. ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಇಳಿಯುವ ತನಕ ನೋಡುತ್ತ ಕುಳಿತೆ. ಎರಡನೆಯ ಚಮಚವೂ ಇಳಿಯಿತು. ಮೂರನೆಯದಕ್ಕೆ ಮುಖ ಕಿವಿಚಿದ.

"ಉಪ್ಪು ಹಾಕಿಲ್ಲೇನು ಇದಕ್ಕ?"

"ಡಾಕ್ಟರ್ ಬ್ಯಾಡ ಅಂದಾರ, ಅಪ್ಪಾ."

"ಕುಡಿಯಾಂವ ನಾನೋ, ಡಾಕ್ಟರೋ?" ಎಂದು ಬೈಯುತ್ತಲೇ ಬಾಯಿ ತೆರೆದ. ನಾನು ಗದ್ದ ಒರೆಸಿ ನಾಲ್ಕನೆಯ ಚಮಚ ತುಂಬಿದೆ.