ನೆಗಡಿಯಾದ ಗಡಿಯಾರ

ನಿನ್ನೆ ಬೀಗರು ಬಂದಿದ್ದರು. ಚಹಾ ಬಸಿಗೆ ಸುರುವಿಕೊಂಡು ಇನ್ನೇನು ಬಾಯಿಗಿಡಬೇಕು, ಅಷ್ಟರಲ್ಲಿ ನಮ್ಮ ಗೋಡೆ ಗಡಿಯಾರ ಹನ್ನೊಂದು ಹೊಡೆಯಿತು. ಹೊಡೆಯಿತು ಅಂದರೇನು, ಹಿತ್ತಲಲ್ಲಿ ಯಾರೋ ಹಾಸಿಗೆ ಬಡಿದ ಹಾಗೆ ದಬ್ಬ, ದಬ್ಬ ಅಂದಿತು. ಬೀಗರು ಬಸಿ ಕೆಳಗಿಟ್ಟು, “ಏನ್ರಿ, ಗಡಿಯಾರಕ್ಕ ನೆಗಡಿ ಆಗೇತೇನು?” ಅಂದರು. ಅವರಿಗೆ ಏನು ಉತ್ತರ ಕೊಟ್ಟೆ ಅನ್ನುವುದನ್ನು ಕಡೆಗೆ ಹೇಳುತ್ತೇನೆ. ಮೊದಲು ಈ ನೆಗಡಿಯ ಮೂಲ ಕೇಳ್ರಿ.

ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ, ಮೊಮ್ಮಗ ಬಂದ ಖುಷಿಗೆ ನಮ್ಮಜ್ಜ ಬೆಳಗಾವಿಯಿಂದ ಈ ಗಡಿಯಾರ ತಂದು ಸಂಪಗಾಂವದ ಮನೆಯ ಪಡಸಾಲೆಯಲ್ಲಿ ತೂಗುಹಾಕಿದನಂತೆ. ಮೊದಲ ದಿನ ಠಣ್ ಠಣ್ ಅಂದದ್ದು ಮರುದಿನಕ್ಕೇ ಗಂಟಲು ಕಟ್ಟಿಕೊಂಡಿತಂತೆ. ಅಜ್ಜ ಸೋಮವಾರಕ್ಕೊಮ್ಮೆ ಪೂಜೆ ಮುಗಿಸಿ, ತನ್ನ ಹಣೆಗೆ ಹಚ್ಚಿ ಉಳಿದ ವಿಭೂತಿಯನ್ನು ಗಡಿಯಾರಕ್ಕೂ ಎಳೆದು, ಚಾವಿ ಕೊಡುತ್ತಿದ್ದ. ಚಾವಿ ತಿರುಗಿಸುವಷ್ಟು ಹೊತ್ತೂ ಬೆಳಗಾವಿಯ ಅಂಗಡಿಯವನಿಗೆ ಬೈಗುಳದ ಅಭಿಷೇಕ. “ಮೂಕ ಗಡಿಯಾರ ಗಂಟ ಹಾಕಿದ ನೋಡು, ಮಗ!” ನಾನು ಮಾತು ಕಲಿತದ್ದೇ ಆ ಬೈಗುಳ ಕೇಳಿ ಅಂತ ನಮ್ಮಾಕಿ ಈಗಲೂ ಚಾಷ್ಟಿ ಮಾಡುತ್ತಾಳೆ.

ಮುಂದೆ ಮನೆ ಪಾಲಾಯಿತು. ಗಡಿಯಾರ ನೇಸರಗಿಯಲ್ಲಿದ್ದ ಕಾಕಾನ ಪಾಲಿಗೆ ಹೋಯಿತು. ಆ ಪುಣ್ಯಾತ್ಮ ಅದನ್ನು ಯಾರಿಗೋ ಕೊಟ್ಟು, ಕೋಗಿಲೆಯಂತೆ ಕೂಗುವ ಸೆಲ್ಲಿನ ಗಡಿಯಾರ ತಂದುಕೊಂಡ. ಕೋಗಿಲೆ ಎರಡು ಮಳೆಗಾಲ ಕಾಣಲಿಲ್ಲ. ಸುದ್ದಿ ಸವದತ್ತಿಗೆ ಮುಟ್ಟಿದಾಗ ಗೌರವ್ವತ್ತಿ, ಅಂದರೆ ನಮ್ಮಪ್ಪನ ತಂಗಿ, ಬಸ್ಸು ಹತ್ತಿ ಬಂದು ಕಾಕಾನ ಬಾಗಿಲಲ್ಲೇ ನಿಂತು, “ನನ್ನ ತವರಮನಿ ದನಿ ಮಾರ್ಕೊಂಡ್ಯಲ್ಲೋ!” ಅಂದು ನೀರೂ ಕುಡಿಯದೆ ಹೊರಟುಹೋಗಿದ್ದಳು. ಈಗ ಕಾಕಾನೂ ಇಲ್ಲ, ನಮ್ಮಪ್ಪನೂ ಇಲ್ಲ, ಸಂಪಗಾಂವದ ಮನೆಯೂ ಇಲ್ಲ. ತವರು ಅಂತ ಆಕೆಗೆ ಉಳಿದದ್ದು ಬೈಲಹೊಂಗಲದಲ್ಲಿ ಅರಿವೆ ಅಂಗಡಿ ಇಟ್ಟುಕೊಂಡ ನಾನೊಬ್ಬ.

ಹೋದ ವರ್ಷ ಸೀರೆ ತರಲು ರಾಮದುರ್ಗಕ್ಕೆ ಹೋದವನು ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಈ ಗಡಿಯಾರ ಕಂಡೆ. “ನೇಸರಗಿ ಕಡೇದ್ರಿ,” ಅಂದ ಅಂಗಡಿಯವನು. ಪೆಟ್ಟಿಗೆಯ ನೆತ್ತಿಯ ಮೇಲೆ ವಿಭೂತಿಯ ಬಿಳಿ ಕಲೆಯೂ ಇತ್ತು. ಅಲ್ಲಿಂದಲೇ ಗೌರವ್ವತ್ತಿಗೆ ಫೋನು ಹಚ್ಚಿ, ಫೋಟೋ ಕಳಿಸಲಾ ಅಂದೆ. “ನನಗ ಕಣ್ಣೆಲ್ಲೆವೋ ಫೋಟೋ ನೋಡಾಕ? ಚಾಲೂ ಮಾಡಸು. ನಾ ಬಂದು ಹೇಳತೇನಿ, ನಮ್ಮದು ಹೌದೋ ಅಲ್ಲೋ,” ಅಂದಳು. ನಮ್ಮದಾಗಿರಲಪ್ಪಾ ಅಂತ ನಾನು ಅಲ್ಲೇ ನಿಂತು ಕೈ ಮುಗಿದೆ.

ಗಡಿಯಾರ ಕೊಂಡು ರಿಪೇರಿಗೆ ಕಿತ್ತೂರಿಗೆ ಒಯ್ದೆ. ಅಲ್ಲಿಯ ಗಡಿಯಾರದ ಉಸ್ತಾದನ ಬಾಯಿ ಅವನ ಅಂಗಡಿಯ ಎಲ್ಲ ಗಡಿಯಾರಗಳಿಗಿಂತ ಜೋರು. “ಸಾವಕಾರ್ರ, ಇಂಥಾವು ಈ ಸೀಮಿಯೊಳಗ ಊರಿಗೆ ಹತ್ತು ಇದ್ದುವು. ವಿಭೂತಿ ಅಂತೀರಿ, ಅದನ್ನ ಎಲ್ಲಾರೂ ಹಚ್ಚತಿದ್ರು,” ಅಂತ ನನ್ನ ಉತ್ಸಾಹಕ್ಕೆ ತಣ್ಣೀರು ಸುರಿದ. ಹೊಸಾದರ ಹಂಗ ಮಾಡಿಬಿಡು ಅಂತ ನಾನು ದೊಡ್ಡಸ್ತಿಕೆಯಿಂದ ಹೇಳಿ ಬಂದೆ. ಮಾಡಿದ ನೋಡ್ರಿ! ಹಿತ್ತಾಳೆ ಫಳಫಳ, ಕಟ್ಟಿಗೆ ಮಿರಿಮಿರಿ. ಬಿಚ್ಚಿ ತೆಗೆದದ್ದನ್ನೆಲ್ಲ ಗಿರಾಕಿಗೆ ತಿರುಗಿ ಕೊಡುವುದು ಅವನ ಪದ್ಧತಿ, ನಾಳೆ ಯಾರೂ ಅನುಮಾನಿಸಬಾರದಲ್ಲ. ಮುರಿದ ಸ್ಪ್ರಿಂಗು, ಸವೆದ ತಿರುಪು, ಸತ್ತ ಜಿರಲೆ, ಎಣ್ಣೆ ಕುಡಿದು ಕರ್ರಗಾದ ಅರಿವೆಯ ತುಂಡು, ಎಲ್ಲ ಒಂದು ಚೀಲದಲ್ಲಿ ಹಾಕಿಕೊಟ್ಟ. ಮನೆಗೆ ತಂದು ಚೀಲವನ್ನು ಮೂಲೆಗೆಸೆದೆ.

ಅತ್ತಿ ಬಂದಳು. ಕಾಲು ತೊಳೆದವಳೇ ಗಡಿಯಾರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಳು. ಹನ್ನೆರಡಕ್ಕೆ ಅದು ಠಣ್ ಠಣ್ ಅಂತ ಬೀದಿಗೆಲ್ಲ ಕೇಳುವ ಹಾಗೆ ಹೊಡೆಯಿತು. ನಾನು ಮೀಸೆ ತಿರುವಿದೆ. ಅತ್ತಿ ಮೆಲ್ಲಗೆ ಎದ್ದು, ಗಡಿಯಾರದ ಬಾಗಿಲು ತೆರೆಸಿ, ಲೋಲಕದ ಹಿಂದೆ ಕೈಹಾಕಿ ತಡವಿದಳು. ಗಂಟೆ ಬಡಿಯುವ ಪುಟ್ಟ ಸುತ್ತಿಗೆ ಬೆರಳಿಗೆ ಸಿಕ್ಕಿತು. ಕೈ ಹಿಂದಕ್ಕೆ ತೆಗೆದಳು.

“ಇದು ನಮ್ಮದಲ್ಲ, ತಮ್ಮಾ.”

“ಹೆಂಗ ಹೇಳತಿ ಅತ್ತಿ?”

“ಅಲ್ಲ ಅಂದ್ರ ಅಲ್ಲ. ಸಂಜೀ ಬಸ್ಸಿಗೆ ಕೂಡಸು.”

ಆಕೆಯ ಮುಖ ನೋಡಲಾಗಲಿಲ್ಲ. ನಮ್ಮಾಕಿ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದರೂ ಅತ್ತಿ ತುತ್ತು ಮುರಿದು ಮುರಿದು ಹಾಗೇ ಇಟ್ಟಳು. ನನಗೂ ಸಂಕಟ, ಅದರ ಮೇಲೆ ಸಿಟ್ಟು. ಎದ್ದುಹೋಗಿ ಚೀಲ ತಂದು ಆಕೆಯ ಮುಂದೆ ಸುರಿದೆ. “ನೋಡು ಬೇಕಾರ, ಅದರ ಕರಳೆಲ್ಲಾ ಇಲ್ಲೇ ಅದಾವು. ಸುತ್ತಿಗಿಗೆ ಸುತ್ತಿತ್ತಂತ, ಆ ಹೊಲಸ ಚಿಂದಿ ಸೈತ ಬಿಟ್ಟಿಲ್ಲ ಆ ಉಸ್ತಾದ!”

ಅತ್ತಿಯ ಕೈ ನಿಂತಿತು. “ಏನ ಸುತ್ತಿದ್ದು?”

ಚಿಂದಿ ಹುಡುಕಿ ಕೈಯಲ್ಲಿಟ್ಟೆ. ಬೆರಳಾಡಿಸಿದಳು. ಒಂದು ಕಡೆ ಕತ್ತರಿಸಿದ್ದರೂ ಇನ್ನೊಂದು ಕಡೆ ಬಿಗಿದ ಗಂಟು ಹಾಗೇ ಇತ್ತು. ಗಂಟು ಸಿಕ್ಕಿದ್ದೇ ತಡ, ಮುದುಕಿ ಹೋ ಅಂತ ನಕ್ಕಳು, ಕಣ್ಣಿಂದ ನೀರು ತಟಪಟ ಉದುರಿತು.

“ಗಂಟ ನಂದೋ! ನಾನ ಹಾಕಿದ್ದು! ಇದು ಠಣ್ ಅಂತಿತ್ತು, ನೀ ತೊಟ್ಟಲದಾಗ ಕಿರ್ರ್ ಅಂತಿದ್ದಿ. ತಾಸಿಗೊಮ್ಮೆ ಇದ ಹಾಡು. ತೂಗಿ ತೂಗಿ ನನ್ನ ರಟ್ಟಿ ಬಿದ್ದುವು. ಉಟ್ಟ ಇಳಕಲ್ಲ ಸೀರಿ ಸೆರಗ ಹರದು ಸುತ್ತಿಬಿಟ್ಟೆ.”

“ಅಜ್ಜ ಸಾಯೂತನಾ ಆ ಅಂಗಡಿಯಂವಗ ಬೈದನಲ್ಲ ಅತ್ತಿ! ಹೇಳಬಾರದಿತ್ತೇನು?”

“ಹೇಳಿದ್ರ ಬಿಚ್ಚಸ್ತಿದ್ದ. ಬೈದ್ರ ಬೈಲಿ. ನೀ ಮಲಗಬೇಕಿತ್ತು.”

ಅಂಗಡಿ ಇಟ್ಟು ಅರಿವೆ ಮಾರುತ್ತ ತಲೆ ಬೆಳ್ಳಗಾದವನು, ಇಳಕಲ್ ಸೆರಗನ್ನು ಹೊಲಸು ಚಿಂದಿ ಅಂದೆನಲ್ಲ! ಹೊಸ ರೇಷ್ಮೆ ತುಂಡು ತರಲಾ ಅಂದದ್ದಕ್ಕೆ, “ನಿನ್ನ ರೇಷ್ಮಿ ನಿನ್ನ ತಲೀಗೆ ಸುತ್ಕೊ,” ಅಂದು ಅದೇ ಚಿಂದಿಯನ್ನು ಒಗೆಸಿ, ಒಣಗಿಸಿ, ತಾನೇ ಕಟ್ಟಿದಳು. ದಬ್ಬ ಅಂದಿತು. “ಹಾಂ, ಈಗ ನಮ್ಮದು,” ಅಂದಳು. ಸಂಜೆಯ ಬಸ್ಸಿಗೆ ಹೊರಟವಳು ಎಂಟು ದಿನ ಇದ್ದು ಹೋದಳು.

ಬೀಗರು ಇನ್ನೂ ಉತ್ತರಕ್ಕೆ ಕಾಯುತ್ತಿದ್ದರು.

“ನೆಗಡಿ ಅಲ್ರಿ,” ಅಂದೆ. “ಮನ್ಯಾಗ ಕೂಸು ಮಲಗೇತಿ, ಅದಕ್ಕ.”

ಬೀಗರು ಅತ್ತಿತ್ತ ನೋಡಿದರು. ತೊಟ್ಟಿಲೆಲ್ಲೂ ಕಾಣಲಿಲ್ಲ. ಎದುರಿಗೆ ಕುರ್ಚಿಯಲ್ಲಿ ನಾನೊಬ್ಬನೇ ಕೂತಿದ್ದೆ.